ಹೆಚ್ಚಿದೆ ಎಂದರೆ

೧೪ ಜನವರಿ ೨೦೨೫, ಮಂಗಳವಾರ

ಈ ನೋಟ್ ಪುಸ್ತಕದ ಮುಂದಿನ ಪುಟಗಳಲ್ಲಿ ನಾಟಕದ ಟಿಪ್ಪಣಿ ಇದೆ. ಹಿಂದಿನಿಂದ ನಾನು ನನ್ನದನ್ನು ಬರೆಯತೊಡಗಿದ್ದೇನೆ. ಯಾರೂ ತಿರುವಿ ನೋಡುವುದಿಲ್ಲ. ಇಂಗ್ಲಿಷ್ ಎಂ.ಎ. ಪುಸ್ತಕ ಎಂದರೆ ಈ ಮನೆಯಲ್ಲಿ ಎಲ್ಲರಿಗೂ ಭಯಭಕ್ತಿ.

ಮಗಳಿಗೆ ಇಂದಿಗೆ ಹತ್ತೊಂಬತ್ತು ದಿನ. ನಾನು ಒಂದೇ ಸಮನೆ ಎರಡು ಗಂಟೆ ನಿದ್ದೆ ಮಾಡದೆಯೂ ಅಷ್ಟೇ ದಿನ. ಮಗು ಮಲಗಿದಾಗ ನೀನೂ ಮಲಗು ಎನ್ನುತ್ತಾರೆ ಎಲ್ಲರೂ. ಅವಳು ಮಲಗಿದಾಗ ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ಉಪ್ಪಿನಂಗಡಿಯಲ್ಲಿ ಅಮ್ಮ ಮೆಟ್ಟಿಲು ತಪ್ಪಿ ಕಾಲು ಮುರಿದುಕೊಂಡಳು. ಹಾಗಾಗಿ ಅತ್ತೆ, ಕೆದಂಬಾಡಿಯ ಮನೆಯನ್ನು ಮಾವನಿಗೆ ಒಪ್ಪಿಸಿ, ಕಡಬದ ಈ ಬಾಡಿಗೆ ಮನೆಗೆ ಬಂದರು. ಮಗ ಅಭಿಯ ಮನೆಯ ಗೀಸರಿನ ಮೇಲೆ ನಂಬಿಕೆಯಿಲ್ಲದೆ ತಾಮ್ರದ ಹಂಡೆಯನ್ನೇ ಬಸ್ಸಿಗೆ ಹತ್ತಿಸಿಕೊಂಡು ಬಂದವರು. ದಿನಾ ಬೆಳಿಗ್ಗೆ ಅವರು ಬೆನ್ನಿಗೆ ಬಿಸಿನೀರು ಹೊಯ್ಯುವಾಗ ನನಗೆ ಅಳು ಬರುತ್ತದೆ. ಇಷ್ಟಕ್ಕೆ ನಾನು ಏನು ಮಾಡಿದ್ದೇನೆ ಅನಿಸುತ್ತದೆ.

ಆದರೂ ಅಪಶಕುನದ ಲೆಕ್ಕ ಬಿಡುವುದಿಲ್ಲ. ಅಮ್ಮನ ಕಾಲು ಮುರಿದದ್ದು ಒಂದು. ಆಸ್ಪತ್ರೆಗೆ ಹೊರಟ ದಿನ ಅಭಿಯ ಕಾರು ಮೂರು ಸಲ ಸ್ಟಾರ್ಟ್ ಆಗದೆ ನಾಲ್ಕನೆಯದಕ್ಕೆ ಆದದ್ದು ಎರಡು. ಮಗುವನ್ನು ಮೊದಲು ಎತ್ತಿಕೊಂಡ ನರ್ಸ್ 'ಅಯ್ಯೋ' ಎಂದದ್ದು ಮೂರು. ಅವರ ಜೇಬಿನಿಂದ ಪೆನ್ನು ಬಿದ್ದಿತ್ತು, ಅಷ್ಟೆ. ಆದರೂ ಬರೆದಿಟ್ಟಿದ್ದೇನೆ.

ಇದು ನಾಟಕದಿಂದ ಅಂಟಿದ ಚಟ. ಫೆಬ್ರವರಿ ಕೊನೆಗೆ ನಾನು ಕೊಡಬೇಕಾದ ಪ್ರಬಂಧ 'ಪ್ರೇಮ ದುರಂತದಲ್ಲಿ ವಿಧಿ ಮತ್ತು ಮುನ್ಸೂಚನೆ'. ಹಗೆಯ ಎರಡು ಮನೆಗಳು, ಒಬ್ಬ ಹುಡುಗ, ಒಬ್ಬ ಹುಡುಗಿ. ಕೊನೆಗೆ ಇಬ್ಬರೂ ಸಾಯುತ್ತಾರೆಂದು ನೋಡುವವರಿಗೆ ಮೊದಲೇ ಗೊತ್ತು. ಅವರಿಗೆ ಗೊತ್ತಿಲ್ಲ, ಆದರೆ ಅವರ ನಾಲಿಗೆಗೆ ಗೊತ್ತಿರುವ ಹಾಗಿದೆ. ಮದುವೆಯ ಮಾತಿನ ನಡುವೆಯೇ ಗೋರಿಯ ಮಾತು ನುಸುಳುತ್ತದೆ. ಅಂಥ ಸಾಲುಗಳಿಗೆ ಕೆಂಪು ಗೆರೆ ಎಳೆಯುತ್ತಾ ಹೋಗಿ ಅರವತ್ತೆರಡಾಯಿತು.

ಅತ್ತೆಗೆ ಕಥೆ ಹೇಳಿದೆ. ಅವರ ಬಾಯಲ್ಲಿ 'ಮುಗಿಯಿತು', 'ಇಲ್ಲ' ಎಂಬ ಮಾತೇ ಬರುವುದಿಲ್ಲ. ಅಕ್ಕಿ ಹೆಚ್ಚಿತು ಎಂದರೆ ಡಬ್ಬ ಖಾಲಿ, ಅಂಗಡಿಗೆ ಹೋಗಬೇಕು. ಬಳೆ ಹೆಚ್ಚಿತು ಎಂದರೆ ಒಡೆಯಿತು. ದೀಪ ದೊಡ್ಡದು ಮಾಡು ಎಂದರೆ ಆರಿಸು. ನಾವು ಆಡಿದ್ದಕ್ಕೆಲ್ಲ 'ಅಸ್ತು' ಎನ್ನುವ ದೇವತೆಗಳು ಮನೆಯ ಮೇಲೆ ಸುತ್ತುತ್ತಿರುತ್ತಾರಂತೆ. ನಮ್ಮಮ್ಮನೂ ಹೀಗೆ ಹೇಳುವುದುಂಟು, ಇಷ್ಟು ಕಟ್ಟುನಿಟ್ಟಾಗಿ ಅಲ್ಲ.

"ಆ ಮಕ್ಕಳಿಗೆ ಹೇಳಿಕೊಡ್ಲಿಕ್ಕೆ ಮನೆಯಲ್ಲಿ ಹಿರಿಯರು ಯಾರೂ ಇರ್ಲಿಲ್ವಾ?" ಎಂದು ಕೇಳಿದರು ಅತ್ತೆ. "ಬಾಯಿಗೆ ಬಂದದ್ದೆಲ್ಲ ಹೇಳಿದ್ರೆ ಮತ್ತೆ ಎಂತ ಆಗುದು? ಹಾಗೇ ಆಗುದು."

ಇವರು ಆ ನಾಟಕದಲ್ಲಿ ಇದ್ದಿದ್ದರೆ ಎರಡನೆಯ ಅಂಕದಲ್ಲೇ ಎಲ್ಲರ ಬಾಯಿ ಮುಚ್ಚಿಸಿ ಮಂಗಳ ಹಾಡಿಸುತ್ತಿದ್ದರು.

೧೬ ಜನವರಿ, ಗುರುವಾರ

ನಮ್ಮ ಕಡೆಯ ಆಶಾ ಕಾರ್ಯಕರ್ತೆ ಸಫಿಯಾ ಬಂದಿದ್ದರು. ಜೋಳಿಗೆಯ ತಕ್ಕಡಿಯಲ್ಲಿ ಮಗುವನ್ನು ತೂಗಿ "ಮೂರು ಕಿಲೋ, ಒಳ್ಳೆ ಉಂಟು" ಎಂದರು. ಹುಟ್ಟಿದಾಗ ಎರಡು ಎಂಟುನೂರು ಇತ್ತು.

ಇನ್ನೊಂದು ಮಾತು ಇಲ್ಲಾದರೂ ಬರೆಯುತ್ತೇನೆ. ಮೂರು ದಿನದಿಂದ ನನಗೆ ಹಾಲು ಕಡಿಮೆಯಾದಂತೆ ಅನಿಸುತ್ತಿದೆ. ಅಭಿಗೂ ಹೇಳಲು ಆಗುತ್ತಿಲ್ಲ. ಅದು ಹೇಳುವ ಮಾತೇ ಅಲ್ಲ ಅನಿಸುತ್ತದೆ. ಸ್ವಂತ ಮಗುವಿಗೆ ಹಾಲಿಲ್ಲದ ತಾಯಿ ಎಂದರೆ ಏನರ್ಥ?

ತೂಕ ಆದ ಮೇಲೆ ನಾನು ಸ್ನಾನಕ್ಕೆ ಹೋದೆ. ಬಚ್ಚಲ ಬಾಗಿಲಿನಾಚೆ ಅವರಿಬ್ಬರ ಮಾತು ಕೇಳಿಸಿತು.

"ಹಾಲು ಹೇಗುಂಟು ಅಮ್ಮ ಅವರಿಗೆ?"

ಅತ್ತೆ ದನಿ ತಗ್ಗಿಸಿ, "ಹಾಲು ಹೆಚ್ಚಿದೆ ಅವಳಿಗೆ" ಎಂದರು.

ತಂಬಿಗೆ ಹಿಡಿದುಕೊಂಡು ಹಾಗೇ ಕೂತೆ. ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಅವರು ನೋಡಿಯೇ ತಿಳಿದಿದ್ದರು. ನನ್ನ ಪರವಾಗಿ ಹೇಳಿಯೂ ಬಿಟ್ಟರು, ಅದೂ ಎಷ್ಟು ಮೆತ್ತಗೆ! ದೇವರು ಇವರನ್ನು ಚೆನ್ನಾಗಿಟ್ಟಿರಲಿ.

ಹೊರಗೆ ಬರುವಷ್ಟರಲ್ಲಿ ಸಫಿಯಾ ಹೋಗಿ ಆಗಿತ್ತು. ಅವರಿಗೆ ಇನ್ನೂ ನಾಲ್ಕು ಮನೆ ಇತ್ತಂತೆ. ಹೇಳಿದ್ದನ್ನು ಅತ್ತೆ ಬೆರಳು ಮಡಚಿ ಒಪ್ಪಿಸಿದರು: "ಒಂದು ಸಲಕ್ಕೆ ಒಂದೇ ಕಡೆ ಕೊಡ್ಬೇಕಂತೆ. ಇನ್ನೊಂದು ಕಡೆ ಹಾಗೇ ಬಿಡ್ಬೇಕು. ಮೂರು ಗಂಟೆಗೊಮ್ಮೆ ಸಾಕು. ತನ್ನಷ್ಟಕ್ಕೆ ಸರಿ ಆಗ್ತದಂತೆ."

ಮೊದಲು ವಿಚಿತ್ರ ಅನಿಸಿತು. ಆಮೇಲೆ ಯೋಚಿಸಿದೆ. ಬಾವಿಯ ಒರತೆಗೆ ಸ್ವಲ್ಪ ಸಮಯ ಕೊಟ್ಟರೆ ನೀರು ತುಂಬುವುದಿಲ್ಲವೇ, ಹಾಗಿರಬೇಕು. ಸಫಿಯಾ ಎಷ್ಟು ಮಕ್ಕಳನ್ನು ನೋಡಿದವರು!

೧೯ ಜನವರಿ, ಭಾನುವಾರ

ತಿರುಮಲೇಶ್ವರ ಸರ್ ಫೋನು ಮಾಡಿದರು. ಪುತ್ತೂರಿನಲ್ಲಿ ಬಿ.ಎ.ಗೆ ನಮಗೆ ಕಲಿಸಿದವರು, ನಿವೃತ್ತರು. ನಾನು ಕಳಿಸಿದ ಕರಡನ್ನು ಒಂದು ಸಾಲೂ ಬಿಡದೆ ಓದಿದ್ದಾರೆ. ಈ ಕಾಲದಲ್ಲಿ ಯಾರು ಓದುತ್ತಾರೆ?

"ಎಂತ ಮಾರಾಯ್ತಿ ಇದು, ಪುಟಕ್ಕೆ ಹತ್ತು ಸಲ ವಿಧಿ! ಪಂಚಾಂಗ ಬರೆದದ್ದಾ ನೀನು?"

"ವಿಷಯವೇ ಅದಲ್ವಾ ಸರ್."

"ಹೌದು. ಆದ್ರೆ ಆ ಪತ್ರ ಹಿಡ್ಕೊಂಡು ಹೊರಟವ ದಾರಿಯಲ್ಲಿ ಯಾಕೆ ಸಿಕ್ಕಿಬಿದ್ದ, ಹುಡುಗಿ ನಿಜಕ್ಕೂ ಸತ್ತಿಲ್ಲ ಅಂತ ಹುಡುಗನಿಗೆ ಸುದ್ದಿ ಯಾಕೆ ತಲುಪ್ಲಿಲ್ಲ, ಅದಕ್ಕೆ ನೀನು ಅರ್ಧ ಸಾಲು ಕೊಟ್ಟಿದ್ದಿ. ನಕ್ಷತ್ರಕ್ಕೆ ನಾಲ್ಕು ಪುಟ."

ಪತ್ರ ತಲುಪದ್ದೂ ವಿಧಿಯದ್ದೇ ಕೆಲಸ ಎಂದು ವಾದಿಸಿದೆ. ಅವರು ನಕ್ಕು, "ಇರ್ಲಿ, ಮಗು ಹೇಗುಂಟು?" ಎಂದರು.

"ಚೆನ್ನಾಗಿದ್ದಾಳೆ ಸರ್."

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದರೆ ಮಾತು ನಿಜ ಎನ್ನುತ್ತಾರೆ. ನಾನು ಆಡಿದ ಮಾತಿಗೋ, ಆಡದೆ ನುಂಗಿದ ಮಾತಿಗೋ?

೨೩ ಜನವರಿ, ಗುರುವಾರ

ಇಂದು ಇಪ್ಪತ್ತೆಂಟನೇ ದಿನ, ಸಫಿಯಾ ಬರಬೇಕಿತ್ತು. ಬರಲಿಲ್ಲ. ಮೆಸೇಜು ಬಂತು: 'ಅಕ್ಕ ಸರ್ವೇ ಡ್ಯೂಟಿ ಹಾಕಿದ್ದಾರೆ. ಆರನೇ ವಾರದ ಇಂಜೆಕ್ಷನ್‌ಗೆ ಆಸ್ಪತ್ರೆಯಲ್ಲಿ ಸಿಗುವ.' ಬಿಸಿಲಲ್ಲಿ ಮನೆ ಮನೆ ತಿರುಗುವ ನಡುವೆ ನೆನಪಿಟ್ಟು ತಿಳಿಸಿದರಲ್ಲ!

ದಾರಿಯಲ್ಲಿ ಸಿಕ್ಕಿಬಿದ್ದ ದೂತ ಎಂದು ಮನಸ್ಸು ಕೂಡಲೇ ಕೆಂಪು ಗೆರೆ ಎಳೆಯಿತು.

೨೭ ಜನವರಿ, ಸೋಮವಾರ

ಒಂದು ಕಡೆ ಕುಡಿದು ಬಿಡುತ್ತಾಳೆ. ಒಂದು ಗಂಟೆಗೆಲ್ಲ ಅಳು. ನಾನು ಗಡಿಯಾರ ನೋಡುತ್ತೇನೆ. ಅತ್ತೆ ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ಅರವತ್ಮೂರು ವರ್ಷದ ಕಾಲು.

ಮಧ್ಯಾಹ್ನ ಸೊಸೈಟಿಯಿಂದ ಊಟಕ್ಕೆ ಬಂದ ಅಭಿ, "ಕೊಟ್ಟುಬಿಡು ಮಾರಾಯ್ತಿ. ಹಸಿವಾಗುದು ಮಗುವಿಗಾ, ಗಡಿಯಾರಕ್ಕಾ?" ಎಂದ.

"ಗೊತ್ತಿದ್ದವರು ಹೇಳಿದ್ದಾರೆ" ಎಂದು ರೇಗಿದೆ. ಪಾಪ, ತಟ್ಟೆ ತೊಳೆದಿಟ್ಟು ಹೋದ.

ಬಲಗೈಯ ಎರಡು ಬಳೆ ಹೆಚ್ಚಿತು. ಬೇರೆ ಮಾತು ನಾನೂ ಬರೆಯುವುದಿಲ್ಲ.

೨ ಫೆಬ್ರವರಿ, ಭಾನುವಾರ

ಮೂರು ದಿನದಿಂದ ಮಗು ಅಳುವುದೇ ಇಲ್ಲ. ಮಲಗುತ್ತಾಳೆ, ಮಲಗುತ್ತಾಳೆ. ನಾನೇ ಎಬ್ಬಿಸಿ ಹಾಲಿಗೆ ಹಚ್ಚಬೇಕು. ನಾಲ್ಕು ಸಲ ಎಳೆದು ಮತ್ತೆ ನಿದ್ದೆ. ಪಕ್ಕದ ಮನೆಯ ಶೀಲಾವತಿಯಕ್ಕ ಬಂದು ನೋಡಿ, "ಎಷ್ಟು ಸಾಧು ಮಗು ಚಿನ್ಮಯೀ! ನಮ್ಮ ಭವಿತಾ ಇಡೀ ಊರು ಎಬ್ಬಿಸ್ತಿದ್ದಳು. ನೀನು ಪುಣ್ಯ ಮಾಡಿದ್ದಿ" ಎಂದರು.

ಹೌದು. ಒರತೆ ತುಂಬುತ್ತಿರಬೇಕು. ಸಫಿಯಾ ಹೇಳಿದ್ದು ಕೊನೆಗೂ ಸರಿಯಾಯಿತು. ನಾಟಕದ ಮೂರು ಪುಟ ಬರೆದೆ. ಎಲ್ಲರಿಗೂ ಮನಸ್ಸಿನಲ್ಲೇ ಕೈ ಮುಗಿದೆ.

೬ ಫೆಬ್ರವರಿ, ಗುರುವಾರ

ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನನಗೇ ನಂಬಿಕೆಯಾಗುವುದಿಲ್ಲ.

ಆರನೇ ವಾರದ ಚುಚ್ಚುಮದ್ದಿಗೆ ಹೋದೆವು, ನಾನು, ಅತ್ತೆ, ಮಗು. ಸಫಿಯಾ ಬಾಗಿಲಲ್ಲೇ ಸಿಕ್ಕರು. ಮಗುವನ್ನು ತೂಕದ ಯಂತ್ರದ ಮೇಲೆ ಮಲಗಿಸಿದರು. ಎರಡು ಕಿಲೋ ಒಂಬೈನೂರು. ಎತ್ತಿ, ಸೊನ್ನೆಗೆ ತಂದು, ಮತ್ತೆ ಮಲಗಿಸಿದರು. ಎರಡು ಒಂಬೈನೂರು. ಮೂರು ವಾರದ ಹಿಂದೆ ಮೂರು ಕಿಲೋ ಇದ್ದ ಮಗು.

ಚುಚ್ಚುಮದ್ದಿನ ಸಾಲು ಬಿಟ್ಟು ನೇರ ಡಾಕ್ಟರ ಕೋಣೆಗೆ ಕರೆದುಕೊಂಡು ಹೋದರು. ಡಾಕ್ಟರಿಗೆ ನನ್ನಷ್ಟೇ ಪ್ರಾಯವಿರಬೇಕು. ಮಗುವಿನ ಹೊಟ್ಟೆಯ ಚರ್ಮವನ್ನು ಮೆಲ್ಲನೆ ಚಿವುಟಿ ಬಿಟ್ಟರು. ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತದೆ ಎಂದು ಕೇಳಿದರು. ಮೂರು, ನಾಲ್ಕು ಎಂದೆ. ಅವರ ಹುಬ್ಬು ಗಂಟಾಯಿತು.

"ಹಾಲು ಉಂಟಾ?"

ನಾನು ಬಾಯಿ ತೆರೆಯುವ ಮೊದಲೇ ಸಫಿಯಾ, "ಹಾಲಿಗೆ ತೊಂದರೆ ಇಲ್ಲ ಡಾಕ್ಟ್ರೆ. ಜಾಸ್ತಿಯೇ ಇತ್ತು. ಅದಕ್ಕೇ ಒಂದು ಕಡೆ ಮಾತ್ರ ಕೊಡ್ಲಿಕ್ಕೆ ನಾನೇ ಹೇಳಿದ್ದು" ಎಂದರು.

"ಯಾರಿಗೆ ಜಾಸ್ತಿ?" ಎಂದೆ.

"ನಿಮಗೇ ಅಕ್ಕ. ನೋಡಿ, ಬರ್ದಿದ್ದೇನೆ." ಕಾರ್ಡಿನಲ್ಲಿ ಅವರ ದುಂಡು ಅಕ್ಷರ: ಹಾಲು ಹೆಚ್ಚು.

"ಯಾರು ಹೇಳಿದ್ದು ನಿಮಗೆ?"

ಸಫಿಯಾ ಅತ್ತೆಯ ಮುಖ ನೋಡಿದರು.

"ನಾನೇ ಹೇಳಿದ್ದು" ಎಂದರು ಅತ್ತೆ. "ಹೆಚ್ಚಿದೆ ಅಂತ ಹೇಳಿದೆ. ಮತ್ತೆ ಇನ್ನೆಂತ ಹೇಳುದು?"

"ಅದೇ ಅಲ್ವಾ ಅಮ್ಮ ನಾನು ಬರ್ದದ್ದು?"

"ಅಯ್ಯೋ ಮಾರಾಯ್ತಿ, ಹೆಚ್ಚಿದೆ ಅಂದ್ರೆ ಹೆಚ್ಚಿದೆ ಅಂತ ಅಲ್ಲ!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೆಚ್ಚಿದೆ ಅಂದ್ರೆ ಮತ್ತೆಂತ ಅಮ್ಮ?"

ಅತ್ತೆ ಮಗುವನ್ನು ನೋಡಿದರು, ನನ್ನನ್ನು ನೋಡಿದರು, ಮೇಲೆ ತಾರಸಿಯನ್ನು ನೋಡಿದರು. ಆಮೇಲೆ, "ಇಲ್ಲ ಅಂತ" ಎಂದರು. "ಹಾಲು ಇಲ್ಲ ಅಂತ. ಮಗುವಿಗೆ ಸಾಕಾಗುದಿಲ್ಲ ಅಂತ."

ಆ ಮಾತು ಆಡಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತು.

ಸಫಿಯಾ ಸ್ಟೂಲಿನ ಮೇಲೆ ಕೂತುಬಿಟ್ಟರು. "ಯಾ ಅಲ್ಲಾಹ್! ನಮ್ಮಲ್ಲಿ ಕಮ್ಮಿ ಆದ್ರೆ ಕಮ್ಮಿ ಅಂತ್ಲೇ ಹೇಳುದಮ್ಮ. ನಾನು ಇದ್ದ ಹಾಲನ್ನೂ ನಿಲ್ಲಿಸಿಬಿಟ್ಟೆನಲ್ಲ. ಅಕ್ಕ, ನೀವು ಸ್ನಾನ ಮುಗಿಸಿ ಬರುವವರೆಗೆ ನಾನು ಕಾಯ್ಬೇಕಿತ್ತು." ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು.

ಡಾಕ್ಟರು ಯಾರನ್ನೂ ಬೈಯಲಿಲ್ಲ. ಒಂದೇ ಕಡೆ ಕೊಡುವುದು ಹಾಲು ವಿಪರೀತ ಇರುವವರಿಗೆ, ಕಡಿಮೆಯಾಗಲಿ ಎಂದು. "ತುಂಬಲಿ ಅಂತ ಕಾಯ್ಲಿಕ್ಕೆ ಇದು ಬಾವಿ ಅಲ್ಲ. ಮಗು ಎಳೆದಷ್ಟೂ ಬರುದು" ಎಂದರು. ಎರಡು ಗಂಟೆಗೊಮ್ಮೆ ಎಬ್ಬಿಸಿ ಎರಡೂ ಕಡೆ ಕೊಡಬೇಕು. ಆಮೇಲೆ ಪುಡಿ ಹಾಲು, ಬಾಟಲಿಯಲ್ಲಿ ಬೇಡ, ಒಳಲೆಯಲ್ಲಿ. ಸೋಮವಾರದೊಳಗೆ ತೂಕ ಏರದಿದ್ದರೆ ಪುತ್ತೂರಿನಲ್ಲಿ ಸೇರಿಸಬೇಕು. ಏರಿದರೆ ಎರಡು ವಾರ ಬಿಟ್ಟು ಅಲ್ಲಿಯ ಮಕ್ಕಳ ಡಾಕ್ಟರಿಗೆ ತೋರಿಸಿದರೆ ಸಾಕು.

ನಾನೂರು ವರ್ಷ ಹಳೆಯ ಇಂಗ್ಲಿಷಿನ ಒಂದೊಂದು ಪದಕ್ಕೂ ಅಡಿಟಿಪ್ಪಣಿ ನೋಡುವವಳು ನಾನು. ಬಚ್ಚಲಲ್ಲಿ ಕೂತು ಆ ಮಾತು ಕೇಳಿಸಿಕೊಂಡವಳೂ ನಾನೇ. ಕೃತಜ್ಞತೆಯಿಂದ ಅತ್ತಿದ್ದೆ ಬೇರೆ.

ಈ ಗುರುವಾರವೇ ಗೊತ್ತಾಯಿತು. ಮುಂದಿನ ಗುರುವಾರ ಅಲ್ಲ. ಅಷ್ಟು ಸಾಕು.

೭ ಫೆಬ್ರವರಿ

ಒದ್ದೆ ಬಟ್ಟೆ ಐದು.

೮ ಫೆಬ್ರವರಿ

ಏಳು! ಹಗ್ಗದ ತುಂಬ ಒಣಹಾಕಿದೆ. ಎಷ್ಟು ಚಂದ ಕಾಣುತ್ತದೆ.

೧೦ ಫೆಬ್ರವರಿ, ಸೋಮವಾರ

ಸಫಿಯಾ ತಕ್ಕಡಿ ತಂದರು. ಶುಕ್ರವಾರದಿಂದ ದಿನಾ ಬರುತ್ತಿದ್ದಾರೆ. ಇವತ್ತು ರಜೆ ಹಾಕಿ ಬಂದದ್ದೆಂದು ಆಮೇಲೆ ತಿಳಿಯಿತು. ಮೂರು ಕಿಲೋ ನಲವತ್ತು ಗ್ರಾಂ. ಪುತ್ತೂರಿನಲ್ಲಿ ಸೇರಿಸುವುದು ಬೇಡ! ಅಭಿ ತಕ್ಕಡಿಯ ಮುಳ್ಳಿನ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ.

ಅತ್ತೆ ಮಾತ್ರ ಬಂದು ನೋಡಲಿಲ್ಲ. ಗುರುವಾರದಿಂದ ಅವರು ಕೋಣೆಯೊಳಗೆ ಬರುವುದೇ ಕಡಿಮೆ. ಒಳಲೆ ಕುದಿಸಿ ಹೊಸ್ತಿಲಲ್ಲಿಟ್ಟು ಹೋಗುತ್ತಾರೆ. ಅದು ಅಭಿ ಕುಡಿದ ಬೆಳ್ಳಿಯ ಒಳಲೆ, ಹಂಡೆಯೊಳಗಿಟ್ಟು ತಂದದ್ದಂತೆ. ಬೆಳಿಗ್ಗೆ ಮಾವನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಬಸ್ಸಿಗೆ ಬಂದುಬಿಡ್ತೇನೆ. ನಾನಿಲ್ಲಿ ಇದ್ದದ್ದೇ ಹಾಳಾಯ್ತು."

ಅಡಿಗೆಮನೆಗೆ ಹೋದೆ. ಸೌತೆಕಾಯಿ ಹೆಚ್ಚುತ್ತಿದ್ದರು.

"ಅತ್ತೆ, ಅವತ್ತು ನೀವು ಹೇಳಿದ್ದು ನನಗೂ ಕೇಳಿಸಿತ್ತು. ನನಗೂ ಅರ್ಥ ಆಗಿತ್ತು. ಸದ್ಯ ನಾನು ಹೇಳ್ಬೇಕಾಗ್ಲಿಲ್ಲ ಅಂತ ಸುಮ್ಮನಿದ್ದೆ."

ಅವರು ತಲೆ ಎತ್ತಲಿಲ್ಲ. "ನನ್ನ ಬಾಯಿಂದ ಕೆಟ್ಟದ್ದು ಬರ್ಬಾರ್ದು ಅಂತ ಅರವತ್ತು ವರ್ಷ ನೋಡಿಕೊಂಡೆ ಮಗಳೇ. ಒಳ್ಳೆ ಮಾತೇ ಹೀಗೆ ಮಾಡಿದ್ರೆ ಎಂತ ಮಾಡುದು?"

"ಈಗ ನನ್ನನ್ನು ಬಿಟ್ಟು ಹೋದ್ರೆ ನಾನೆಂತ ಮಾಡುದು?"

ಹೋಳುಗಳನ್ನು ಪಾತ್ರೆಗೆ ಹಾಕಿ ಮೆಟ್ಟುಕತ್ತಿಯನ್ನು ಪಕ್ಕಕ್ಕಿಟ್ಟರು. ಆಮೇಲೆ, "ಮೂರು ನಲವತ್ತಾ? ಸರಿ ನೋಡಿದ್ಳಾ ಆ ಸಫಿಯಾ?" ಎಂದರು.

"ಎರಡೆರಡು ಸಲ."

ಕೈ ತೊಳೆದು ಕೋಣೆಗೆ ಬಂದು ಮಗುವನ್ನು ಎತ್ತಿಕೊಂಡರು.

೧೬ ಫೆಬ್ರವರಿ, ಭಾನುವಾರ

ಪ್ರಬಂಧ ಮುಗಿಯಿತು. ಶಬ್ದಮಿತಿ ಮೀರಿದ್ದರಿಂದ ಎಲ್ಲಾದರೂ ಕತ್ತರಿಸಲೇಬೇಕಿತ್ತು. ನಕ್ಷತ್ರದ ನಾಲ್ಕು ಪುಟವನ್ನು ಒಂದಕ್ಕೆ ಇಳಿಸಿದೆ. ಪತ್ರ ಒಯ್ದವನ ಭಾಗ ಹೇಗೋ ಬೆಳೆದು ಐದು ಪುಟವಾಗಿ ಕೂತಿದೆ. ಕೆಂಪು ಪೆನ್ನಿನ ಶಾಯಿ ಮುಗಿದಿತ್ತು, ನೀಲಿಯಲ್ಲೇ ತಿದ್ದಿದೆ.

ಸರ್ ಓದಿ ಫೋನು ಮಾಡಿದರು. "ಯಾರಾದ್ರೂ ಒಬ್ಬ ಬಾಗಿಲು ತಟ್ಟಿ ಸರಿಯಾಗಿ ಕೇಳಿದ್ರೆ ನಾಟಕವೇ ಇರ್ತಿರ್ಲಿಲ್ಲ ಅಂತ ಬರೆದಿದ್ದಿಯಲ್ಲ. ಇದು ವಿಮರ್ಶೆಯಾ, ಬೈಗಳಾ?"

"ಎರಡೂ ಸರ್."

"ಇರ್ಲಿ, ಇಟ್ಕೋ. ಮಗು ಹೇಗುಂಟು?"

"ತೂಕ ಕಮ್ಮಿಯಾಗಿತ್ತು ಸರ್. ನನಗೆ ಹಾಲು ಸಾಲ್ತಿರ್ಲಿಲ್ಲ. ಈಗ ಪರವಾಗಿಲ್ಲ" ಎಂದೆ. ಅಷ್ಟರಲ್ಲಿ ಮಗು ಕೂಗಿದ್ದರಿಂದ ಫೋನಿಟ್ಟೆ. ಈಗ ಅವಳು ಕೂಗಿದರೆ ಶೀಲಾವತಿಯಕ್ಕನ ಮನೆಯವರೆಗೆ ಕೇಳಿಸುತ್ತದೆ.

೨೦ ಫೆಬ್ರವರಿ, ಗುರುವಾರ

ಪುತ್ತೂರಿಗೆ ಹೋಗಿ ಬಂದೆವು. ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹಳತು, ಬದಲಾಯಿಸಬೇಕು. ಅಭಿಗೆ ಆಡಿಟ್ ಇತ್ತು. ನಾನು, ಅತ್ತೆ, ಮಗು ಬಸ್ಸಿನಲ್ಲಿ ಹೋದೆವು.

ಮೂರು ಕಿಲೋ ಮುನ್ನೂರ ತೊಂಬತ್ತು! ಮಕ್ಕಳ ಡಾಕ್ಟರು ಪುಡಿ ಹಾಲನ್ನು ಮೆಲ್ಲನೆ ಬಿಡಿಸಬಹುದು ಎಂದರು. ನನಗೆ ಈಗ ಸಾಕಷ್ಟು ಹಾಲಿದೆ. ತೂಕದ ಯಂತ್ರದ ಮೇಲೇ ಮಗು ಉಚ್ಚೆ ಹೊಯ್ದಳು. ನರ್ಸ್ ಒರೆಸುತ್ತಿದ್ದರೆ ಅತ್ತೆ ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಈಗ ದಿನಕ್ಕೆ ಹತ್ತು ಸಲ!" ಎಂದರು.

ಹಿಂತಿರುಗುವಾಗ ಸುಬ್ರಹ್ಮಣ್ಯದ ಬಸ್ಸು ಸಿಕ್ಕಿತು. ಕಡಬ ದಾರಿಯಲ್ಲೇ. ಕಿಟಕಿಯ ಬಳಿ ನಾನು, ಮಗು ಅತ್ತೆಯ ಮಡಿಲಲ್ಲಿ. ಉಪ್ಪಿನಂಗಡಿಯಲ್ಲಿ ಹೊಳೆ ಕಂಡದ್ದು ನೆನಪಿದೆ. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ಬಸ್ಸು ಖಾಲಿ. ಹೊರಗೆ ಲಾಡ್ಜಿನ ಬೋರ್ಡುಗಳು, ಬ್ಯಾಗು ಹೊತ್ತ ಯಾತ್ರಿಕರು. ಸುಬ್ರಹ್ಮಣ್ಯ! ನನ್ನ ತಲೆ ಅತ್ತೆಯ ಹೆಗಲ ಮೇಲಿತ್ತು. ಅವರು ಕದಲದೆ ಕೂತಿದ್ದರು.

"ಅಯ್ಯೋ, ಕಡಬ ದಾಟಿತಲ್ಲ ಅತ್ತೆ! ಎಬ್ಬಿಸ್ಬಾರ್ದಿತ್ತಾ?"

"ಎಬ್ಬಿಸ್ಲಿಲ್ಲ."

"ಯಾಕೆ, ಮಲಗಿದವರನ್ನು ಎಬ್ಬಿಸ್ಬಾರ್ದು ಅಂತ ಶಾಸ್ತ್ರ ಉಂಟಾ?"

"ಶಾಸ್ತ್ರ ಇಲ್ಲ, ಎಂತ ಸಹ ಇಲ್ಲ. ನಿನಗೆ ನಿದ್ದೆ ಬಂದಿತ್ತು. ಕಂಡಕ್ಟರ್ ಹತ್ರ ಇಲ್ಲಿವರೆಗೆ ಟಿಕೆಟ್ ಮಾಡಿಸಿದೆ. ಹೆಂಗಸರಿಗೆ ಹೇಗೂ ಫ್ರೀ ಅಲ್ವಾ!"

ಒಂದೂಮುಕ್ಕಾಲು ಗಂಟೆ ಮಲಗಿದ್ದೆ. ಮಗುವಿಗೆ ಹಾಲು ಕೊಟ್ಟೆ. ಅತ್ತೆ ನಿಲ್ದಾಣದ ಹೋಟೆಲಿನಿಂದ ಎರಡು ಕಾಫಿ ತಂದರು. ಅದೇ ಬಸ್ಸು ವಾಪಸು ಹೊರಟಿತು, ನಾವೂ ಅದೇ ಸೀಟಿನಲ್ಲಿ ಕೂತೆವು. ಈ ಸಲ ಮಗುವನ್ನು ಶಾಲಿನಲ್ಲಿ ನನ್ನ ಎದೆಗೆ ಕಟ್ಟಿಕೊಂಡಿದ್ದೆ, ಮತ್ತು ಖಂಡಿತ ಎಚ್ಚರವಾಗಿರುತ್ತೇನೆ ಎಂದುಕೊಂಡಿದ್ದೆ.

ಯಾರೋ ಸೀಟಿನ ಕಂಬಿಗೆ ನಾಣ್ಯದಿಂದ ಟಣಟಣ ಬಡಿದರು. ಕಣ್ಣು ಬಿಟ್ಟರೆ ಕಂಡಕ್ಟರು. ಪಕ್ಕದಲ್ಲಿ ಅತ್ತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಗು ಮಾತ್ರ ಶಾಲಿನೊಳಗಿಂದ ಕಣ್ಣು ಪಿಳಿಪಿಳಿ ಬಿಟ್ಟು ಕಂಡಕ್ಟರನ್ನೇ ನೋಡುತ್ತಿದ್ದಳು.

"ಅಮ್ಮಾ, ಕಡಬ ಬಂತು" ಎಂದರು ಕಂಡಕ್ಟರು. "ಇಳೀತೀರಾ, ಇಲ್ಲ ಪುತ್ತೂರಿಗೆ ಕೊಡ್ಲಾ?"